ತೂಕ ನಿರ್ವಹಣೆಯ ಕ್ಲಿನಿಕ್ ನಾಲ್ಕೇ ತಿಂಗಳಿಗೆ ಖಾಲಿಯಾಗುವುದೇಕೆ?

ಪ್ರಶ್ನೆ: ನಮ್ಮದು ಜಿಲ್ಲಾ ಕೇಂದ್ರದಲ್ಲಿರುವ 120 ಹಾಸಿಗೆಗಳ ಟ್ರಸ್ಟ್ ಆಸ್ಪತ್ರೆ. ದಿನಕ್ಕೆ ಸುಮಾರು 150 ವಯಸ್ಕರು ಓಪಿಡಿಗೆ ಬರುತ್ತಾರೆ. ಶುಗರ್, ಬಿಪಿ, ಮಂಡಿನೋವಿನವರೇ ಹೆಚ್ಚು. ಎರಡು ವರ್ಷದಲ್ಲಿ ಎರಡು ಸಲ ತೂಕ ನಿರ್ವಹಣೆಯ ಕ್ಲಿನಿಕ್ ತೆರೆದೆವು. ಮೊದಲ ತಿಂಗಳು ಜನ ಬಂದರು, ನಾಲ್ಕನೇ ತಿಂಗಳಿಗೆ ಡಯಟಿಷಿಯನ್ ಒಬ್ಬರೇ ಕೂತಿರುತ್ತಿದ್ದರು. ಎರಡನೇ ಸಲ ಬೇರೆ ಡಯಟಿಷಿಯನ್ ನೇಮಿಸಿಕೊಂಡರೂ ಅದೇ ಆಯಿತು. ಈಗ ಟ್ರಸ್ಟಿಗಳು ದೇಹದ ಕೊಬ್ಬು ಅಳೆಯುವ ಯಂತ್ರ ಕೊಂಡು ಮೂರನೇ ಸಲ ಶುರು ಮಾಡೋಣ ಅನ್ನುತ್ತಿದ್ದಾರೆ. ಏನು ಮಾಡುವುದು? – ಒಬ್ಬ ಆಡಳಿತಾಧಿಕಾರಿ

ಉತ್ತರ: ಶುರು ಮಾಡಿ, ಆದರೆ ಯಂತ್ರವನ್ನು ಸದ್ಯಕ್ಕೆ ಕೊಳ್ಳಬೇಡಿ. ಕಾಲಿನಿಂದ ಕೈಗೆ ಸಣ್ಣ ವಿದ್ಯುತ್ ಹರಿಸಿ ಕೊಬ್ಬನ್ನು ಅಂದಾಜಿಸುವ ಆ ಯಂತ್ರದ ಲೆಕ್ಕ, ರೋಗಿ ನೀರು ಕುಡಿದಿದ್ದರೆ ಒಂದು, ಕಾಲು ಊದಿದ್ದರೆ ಇನ್ನೊಂದು. ಅದು ಕೊಡುವ ಅಂಕಿಯಿಂದ ನಿಮ್ಮ ವೈದ್ಯರ ತೀರ್ಮಾನ ಬದಲಾಗುವುದು ಅಪರೂಪ. ತಕ್ಕಡಿ, ಎತ್ತರದ ಅಳತೆಪಟ್ಟಿ, ಸೊಂಟದ ಟೇಪು ಸರಿಯಾಗಿದ್ದರೆ ಸಾಕು. ಡಯಟಿಷಿಯನ್ನರನ್ನೂ ದೂರಬೇಡಿ. ಇಬ್ಬರು ಬೇರೆ ಬೇರೆ ವ್ಯಕ್ತಿಗಳ ಕೈಯಲ್ಲಿ ಒಂದೇ ಬಗೆಯಲ್ಲಿ ಕೆಲಸ ಕೆಟ್ಟಿದೆಯೆಂದರೆ ದೋಷವನ್ನು ಆ ಕೋಣೆಯ ಹೊರಗೆ ಹುಡುಕಬೇಕು: ರೋಗಿ ಟೋಕನ್ ತೆಗೆದುಕೊಂಡ ಕ್ಷಣದಿಂದ ಔಷಧಿ ಅಂಗಡಿಯ ಮುಂದೆ ನಿಲ್ಲುವವರೆಗಿನ ದಾರಿಯಲ್ಲಿ.

ಇದಕ್ಕೆ ದೊಡ್ಡ ಪುರಾವೆ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿದೆ. ಅಲ್ಲಿ 2006ರಲ್ಲಿ 'ಮೂವ್' ಎಂಬ ತೂಕ ನಿರ್ವಹಣಾ ಕಾರ್ಯಕ್ರಮವನ್ನು ದೇಶವಿಡೀ ಜಾರಿಗೆ ತಂದರು. ಕೈಪಿಡಿ, ರೋಗಿಗೆ ಕೇಳುವ 23 ಪ್ರಶ್ನೆಗಳು, ತರಬೇತಿ ಎಲ್ಲವೂ ಕೇಂದ್ರದಿಂದಲೇ ಬಂದವು. ಆದರೂ ಕೆಲವು ಆಸ್ಪತ್ರೆಗಳಲ್ಲಿ ಅದು ಬೇರುಬಿಟ್ಟಿತು, ಕೆಲವೆಡೆ ಹೆಸರಿಗಷ್ಟೇ ಉಳಿಯಿತು. 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಐದು ಆಸ್ಪತ್ರೆಗಳನ್ನು ಹೋಲಿಸಿ, ಗೆದ್ದವನ್ನೂ ಸೋತವನ್ನೂ ಬೇರ್ಪಡಿಸಿದ ಅಂಶಗಳನ್ನು ಹುಡುಕಿತು. ಎದ್ದು ಕಂಡವುಗಳಲ್ಲಿ ಹೆಚ್ಚಿನವು ಆಸ್ಪತ್ರೆಯ ಒಳಗಿನ ಸಂಗತಿಗಳು: ಮುಖ್ಯಸ್ಥರು ನಿಜವಾಗಿ ಕೈಹಾಕಿದ್ದಾರೆಯೇ, ಬೇರೆ ಕೆಲಸಗಳ ನಡುವೆ ಇದಕ್ಕೆ ಎಷ್ಟನೇ ಸ್ಥಾನ, ವಿಭಾಗಗಳು ಒಂದರೊಡನೊಂದು ಮಾತಾಡುತ್ತವೆಯೇ, ಗುರಿ ಇಟ್ಟು ಫಲಿತಾಂಶವನ್ನು ಸಿಬ್ಬಂದಿಗೆ ತಿಳಿಸುತ್ತಾರೆಯೇ. ಅದಕ್ಕೆ ಎರಡು ವರ್ಷ ಮೊದಲು, ಹೆಚ್ಚು ತೂಕ ಇಳಿದ ಮತ್ತು ಕಡಿಮೆ ಇಳಿದ ಕೇಂದ್ರಗಳನ್ನು ಎದುರುಬದುರು ಇಟ್ಟು ನೋಡಿದ ಇನ್ನೊಂದು ಅಧ್ಯಯನದಲ್ಲಿ, ಚೆನ್ನಾಗಿ ನಡೆದ ಕೇಂದ್ರಗಳು ನಿಗದಿತ ಪಾಠಕ್ರಮವನ್ನೂ ಗುಂಪು ತರಗತಿಗಳನ್ನೂ ಬಳಸುತ್ತಿದ್ದವು.

ದುಡ್ಡು ಕೊಟ್ಟರೆ ಎಲ್ಲ ಸರಿಹೋಗುತ್ತದೆ ಅನ್ನುವಂತಿಲ್ಲ. ಅಮೆರಿಕದಲ್ಲಿ ಮುಖ್ಯವಾಗಿ ಹಿರಿಯರಿಗಿರುವ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ 2011ರ ಕೊನೆಯಿಂದ ಬೊಜ್ಜಿನ ಸಮಾಲೋಚನೆಗೆ ಹಣ ಕೊಡುತ್ತಿದೆ. ಮೊದಲ ತಿಂಗಳು ವಾರಕ್ಕೊಮ್ಮೆ, ಆರನೇ ತಿಂಗಳವರೆಗೆ ಹದಿನೈದು ದಿನಕ್ಕೊಮ್ಮೆ. ಅಷ್ಟರಲ್ಲಿ 3 ಕೆ.ಜಿ. ಇಳಿದಿದ್ದರೆ ಮುಂದೆ ತಿಂಗಳಿಗೊಮ್ಮೆ. ಆದರೂ ಇದನ್ನು ಬಳಸಿಕೊಂಡವರು ತೀರ ಕಡಿಮೆ. ವೈದ್ಯರ ದಿನಚರಿಯಲ್ಲಿ ಅದಕ್ಕೆ ಜಾಗವಾಗದಿದ್ದುದು ಒಂದು ಕಾರಣ.

ಇನ್ನು ನಿಮ್ಮ ಆಸ್ಪತ್ರೆಗೆ ಬರೋಣ. ಮೊದಲು ತಲೆಯೆಣಿಕೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕ ಹೆಂಗಸರಲ್ಲೂ ಗಂಡಸರಲ್ಲೂ ಶೇ 30ರಷ್ಟು ಮಂದಿಯ ಬಿಎಂಐ (ಕೆ.ಜಿ. ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದ ಅಂಕಿ) 25 ಅಥವಾ ಅದಕ್ಕಿಂತ ಹೆಚ್ಚು. ಶುಗರ್, ಮಂಡಿನೋವಿನವರೇ ಹೆಚ್ಚಿರುವ ಓಪಿಡಿಯಲ್ಲಿ ಪ್ರಮಾಣ ಇನ್ನೂ ಮೇಲಿರುತ್ತದೆ. ಶೇ 30 ಎಂದೇ ಹಿಡಿದರೂ ದಿನಕ್ಕೆ 45 ಜನ. ಡಯಟಿಷಿಯನ್ ಒಬ್ಬರು ತಲಾ ಅರ್ಧ ಗಂಟೆಯಂತೆ ಆರು ಗಂಟೆ ನೋಡಿದರೆ 12 ಜನ. ಅಂದರೆ ಒಬ್ಬೊಬ್ಬರನ್ನೇ ಕೂರಿಸಿ ಮಾತಾಡುವ ಕ್ಲಿನಿಕ್ ಕಾಗದದ ಮೇಲೇ ಸೋತಿದೆ. ವೈದ್ಯರು ಎಲ್ಲರನ್ನೂ ಕಳಿಸಿದರೆ ಸಾಲು ಬೆಳೆಯುತ್ತದೆ, ಕಾದು ಬೇಸತ್ತವರು ಹೋಗುತ್ತಾರೆ, ಆಮೇಲೆ ವೈದ್ಯರೂ ಕಳಿಸುವುದನ್ನು ಬಿಡುತ್ತಾರೆ. ಮೊದಲ ತಿಂಗಳು ತುಂಬಿ, ನಾಲ್ಕನೇ ತಿಂಗಳು ಖಾಲಿಯಾದುದಕ್ಕೆ ಬಹುಮಟ್ಟಿಗೆ ಇದೇ ಕಾರಣವಿರಬೇಕು.

ಗುಂಪು ತರಗತಿಯ ಲೆಕ್ಕ ನೋಡಿ. ಒಂದು ಗುಂಪಿನಲ್ಲಿ 12 ಜನ, ಒಂದೂಕಾಲು ಗಂಟೆಯ ತರಗತಿ, ವಾರಕ್ಕೊಂದರಂತೆ 16 ವಾರ. ವಾರಕ್ಕೆ 10 ಗುಂಪು ನಡೆಸಿದರೆ 120 ಜನ. ವರ್ಷಕ್ಕೆ ಮೂರು ಸುತ್ತು ಅಂದರೆ 360 ಜನ. ಒಟ್ಟು 480 ತರಗತಿ, 600 ಗಂಟೆ. ಅದೇ 360 ಜನರಿಗೆ 16 ಸಲ ಅರ್ಧರ್ಧ ಗಂಟೆ ಪ್ರತ್ಯೇಕವಾಗಿ ಕೊಡಲು ಹೋದರೆ 2,880 ಗಂಟೆ ಬೇಕು. 16 ಎಂಬ ಸಂಖ್ಯೆಯನ್ನು ಸುಮ್ಮನೆ ಹೇಳಿದ್ದಲ್ಲ. 2002ರಲ್ಲಿ ಫಲಿತಾಂಶ ಪ್ರಕಟಿಸಿದ ಅಮೆರಿಕದ ಮಧುಮೇಹ ತಡೆ ಅಧ್ಯಯನದಲ್ಲಿ ಮೊದಲ ಆರು ತಿಂಗಳಿಗೆ 16 ಪಾಠಗಳಿದ್ದವು. ಶೇ 7 ತೂಕ ಇಳಿಕೆ ಮತ್ತು ವಾರಕ್ಕೆ 150 ನಿಮಿಷ ನಡಿಗೆಯ ಗುರಿ ಇಟ್ಟುಕೊಂಡ ಗುಂಪಿನಲ್ಲಿ ಹೊಸದಾಗಿ ಮಧುಮೇಹ ಬರುವುದು ಶೇ 58ರಷ್ಟು ಕಡಿಮೆಯಾಯಿತು. ಅಲ್ಲಿ ಪಾಠ ಒಬ್ಬೊಬ್ಬರಿಗೇ ನಡೆದಿತ್ತು. ನಮ್ಮ ಸಿಬ್ಬಂದಿ ಬಲಕ್ಕೆ ಗುಂಪೇ ದಾರಿ. ಎರಡು ಸಲ ಡಯಟ್ ಚಾರ್ಟ್ ಕೊಟ್ಟು ಕಳಿಸುವುದನ್ನು ಕಾರ್ಯಕ್ರಮ ಎಂದು ಕರೆಯಲಾಗದು.

ಇದೆಲ್ಲಕ್ಕೂ ಮೊದಲು ಹೊಣೆ ಯಾರದು ಎಂಬುದು ಬರಹದಲ್ಲಿರಬೇಕು. ಡಯಟಿಷಿಯನ್‌ಗೆ ಹೊಣೆ ಕೊಟ್ಟರೆ ಅವರಿಗೆ ಸಿಸ್ಟರ್‌ಗಳ ಪಾಳಿ ಬದಲಿಸುವ ಅಧಿಕಾರವಿಲ್ಲ, ಬಿಲ್ಲಿಂಗ್‌ನವರಿಗೆ ಹೇಳುವ ಅಧಿಕಾರವಿಲ್ಲ, ಹಿರಿಯ ವೈದ್ಯರನ್ನು 'ಈ ತಿಂಗಳು ಯಾಕೆ ಯಾರನ್ನೂ ಕಳಿಸಲಿಲ್ಲ' ಎಂದು ಕೇಳುವ ಧೈರ್ಯವಂತೂ ಇರುವುದಿಲ್ಲ. ಹಾಗಾಗಿ ಮೂರು ಹೆಸರು ಬೇಕು. ಒಬ್ಬರು ಫಿಸಿಷಿಯನ್: ಅತಿ ಹಿರಿಯರೇ ಆಗಬೇಕೆಂದಿಲ್ಲ, ಆಸಕ್ತಿ ಇರುವವರು, ಸಹೋದ್ಯೋಗಿಗಳು ಮಾತು ಕೇಳುವಂಥವರು. ಇನ್ನೊಬ್ಬರು ವಾರಕ್ಕೆ ಕನಿಷ್ಠ ಎಂಟು ಗಂಟೆ ಇದಕ್ಕೆಂದೇ ಬಿಡುವು ಮಾಡಿಕೊಟ್ಟ ಸಿಸ್ಟರ್ ಅಥವಾ ಸಂಯೋಜಕರು. ಆ ಎಂಟು ಗಂಟೆ ಡ್ಯೂಟಿ ಪಟ್ಟಿಯಲ್ಲಿ ಬರೆದಿರಬೇಕು, 'ಬಿಡುವಾದಾಗ ನೋಡಿಕೊಳ್ಳಿ' ಅಂದರೆ ಬಿಡುವು ಎಂದೂ ಬರುವುದಿಲ್ಲ. ಮೂರನೆಯವರು ಮೆಡಿಕಲ್ ಸೂಪರಿಂಟೆಂಡೆಂಟ್ ಅಥವಾ ನೀವು: ತಿಂಗಳಿಗೆ ಅರ್ಧ ಗಂಟೆ ಒಂದು ಪುಟದ ಅಂಕಿಅಂಶ ಮುಂದಿಟ್ಟುಕೊಂಡು ಕೂರುವವರು. ಈ ಅರ್ಧ ಗಂಟೆ ಎರಡು ತಿಂಗಳು ತಪ್ಪಿದರೆ ಇದು ಯಾರಿಗೂ ಬೇಡದ ಕೆಲಸವೆಂದು ಇಡೀ ಆಸ್ಪತ್ರೆಗೆ ಗೊತ್ತಾಗಿಬಿಡುತ್ತದೆ.

ಆಮೇಲೆ ಅಳತೆ. ಹೆಚ್ಚಿನ ಆಸ್ಪತ್ರೆಗಳಲ್ಲಿ ತೂಕ ನೋಡುತ್ತಾರೆ, ಎತ್ತರ ನೋಡುವುದಿಲ್ಲ. ಎತ್ತರವಿಲ್ಲದೆ ಬಿಎಂಐ ಇಲ್ಲ, ಬಿಎಂಐ ಇಲ್ಲದೆ ವೈದ್ಯರ ಕಣ್ಣಿಗೆ ಬೀಳುವುದು ತೀರ ದಪ್ಪಗಿರುವವರು ಮಾತ್ರ. ನಮ್ಮ ಜನರಿಗೆ 2009ರ ಭಾರತೀಯ ತಜ್ಞರ ಒಮ್ಮತದ ಮಾರ್ಗಸೂಚಿ ಹೇಳುವ ಮಿತಿ ಕೆಳಗಿದೆ: ಬಿಎಂಐ 23ರಿಂದ ಅಧಿಕ ತೂಕ, 25ರಿಂದ ಬೊಜ್ಜು, ಸೊಂಟ ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ಎತ್ತರ ಒಮ್ಮೆ ಅಳೆದರೆ ಸಾಕು, ತೂಕ ಪ್ರತಿ ಭೇಟಿಗೂ. ಲೆಕ್ಕ ಹಾಕುವ ತೊಂದರೆ ತಪ್ಪಿಸಲು ತಕ್ಕಡಿಯ ಮೇಲೊಂದು ಪಟ್ಟಿ ಅಂಟಿಸಿ: 150 ಸೆಂ.ಮೀ. ಎತ್ತರಕ್ಕೆ 56 ಕೆ.ಜಿ., 155ಕ್ಕೆ 60, 160ಕ್ಕೆ 64, 165ಕ್ಕೆ 68, 170ಕ್ಕೆ 72. ಇದನ್ನು ದಾಟಿದರೆ ಹೆಚ್ಚುಕಡಿಮೆ ಬಿಎಂಐ 25 ದಾಟಿದಂತೆ. ಆಸ್ಪತ್ರೆಯ ಸಾಫ್ಟ್‌ವೇರ್‌ನಲ್ಲಿ ಹೊಸ ಕಾಲಂ ಸೇರಿಸಲು ಕಂಪನಿಯವರು ತಿಂಗಳುಗಟ್ಟಲೆ ತೆಗೆದುಕೊಳ್ಳಬಹುದು. ಅಲ್ಲಿಯವರೆಗೆ ಕಾಯಬೇಡಿ, ಓಪಿಡಿ ಚೀಟಿಗೆ ಎತ್ತರ, ತೂಕ, ಬಿಎಂಐ, ಸೊಂಟ ಎಂದು ನಾಲ್ಕು ಖಾಲಿ ಜಾಗವಿರುವ ರಬ್ಬರ್ ಮುದ್ರೆ ಒತ್ತಿಸಿ.

ಅಳತೆಯಲ್ಲಿ ಕೆಡುವುದು ಸಣ್ಣ ಸಂಗತಿಗಳಿಂದ. ಕೆಳಮಹಡಿಯ ತಕ್ಕಡಿಗೂ ಮೇಲಿನ ತಕ್ಕಡಿಗೂ ಒಂದು ಕೆ.ಜಿ. ವ್ಯತ್ಯಾಸವಿದ್ದರೆ, ಒಂದು ತಿಂಗಳು ಕಷ್ಟಪಟ್ಟ ರೋಗಿಗೆ 'ಏನೂ ಇಳಿದಿಲ್ಲ' ಎಂಬ ಉತ್ತರ ಸಿಗುತ್ತದೆ, ಆಕೆ ಮತ್ತೆ ಬರುವುದಿಲ್ಲ. ತರಗತಿಯವರಿಗೆ ಒಂದೇ ತಕ್ಕಡಿ, ಗಟ್ಟಿ ನೆಲದ ಮೇಲೆ, 200 ಕೆ.ಜಿ.ವರೆಗೆ ತೂಗುವಂಥದ್ದು, 100 ಗ್ರಾಂ ವ್ಯತ್ಯಾಸ ತೋರಿಸುವಂಥದ್ದು. ಗೊತ್ತಿರುವ ತೂಕದ ಕಲ್ಲಿಟ್ಟು ತಿಂಗಳಿಗೊಮ್ಮೆ ಪರೀಕ್ಷಿಸಿ. ಚಪ್ಪಲಿ, ಮೊಬೈಲ್, ಕೀಗೊಂಚಲು ಪಕ್ಕಕ್ಕಿಡಿಸಿ. ಸೊಂಟದ ಟೇಪನ್ನು ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ, ಉಸಿರು ಬಿಟ್ಟಾಗ ಹಿಡಿಯಬೇಕು, ಸೀರೆಯ ನೆರಿಗೆಯ ಮೇಲಲ್ಲ. ದಪ್ಪ ತೋಳಿಗೆ ಮಾಮೂಲಿ ಬಿಪಿ ಪಟ್ಟಿ ಕಟ್ಟಿದರೆ ಬಿಪಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ, ಇಲ್ಲದ ರೋಗಕ್ಕೆ ಮಾತ್ರೆ ಬರುತ್ತದೆ. ತೋಳಿನ ಸುತ್ತಳತೆ 34 ಸೆಂ.ಮೀ. ದಾಟಿದವರಿಗೆ ದೊಡ್ಡ ಪಟ್ಟಿ ಇಡಿ. ಕಾಯುವ ಜಾಗದಲ್ಲಿ ಕೈಗಳಿಲ್ಲದ ಕುರ್ಚಿ ಕೆಲವಾದರೂ ಇರಲಿ.

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವುದು ಮಾತು. ಹತ್ತು ಜನರ ಮುಂದೆ ತೂಕವನ್ನು ಕೂಗಿ ಹೇಳುವುದು, 'ಏನಮ್ಮ, ಮೈ ಇಷ್ಟೊಂದು ಬಿಟ್ಟಿದೀಯ' ಎನ್ನುವುದು, ವಾರ್ಡಿನವರು ಮುಖ ನೋಡಿ ನಗುವುದು. ಇದನ್ನು ಸಲಿಗೆ ಎಂದು ನಮ್ಮವರು ಅಂದುಕೊಳ್ಳುತ್ತಾರೆ. ಕೇಳಿಸಿಕೊಂಡವರು ಶುಗರ್ ಪರೀಕ್ಷೆಗೂ ಬರುವುದನ್ನು ನಿಲ್ಲಿಸುತ್ತಾರೆ. ತಕ್ಕಡಿಯನ್ನು ಪರದೆಯ ಹಿಂದಿಡಿ, ಅಂಕಿಯನ್ನು ಬರೆಯಿರಿ, ಹೇಳಬೇಡಿ. ಟೋಕನ್ ಕೊಡುವವರಿಂದ ಹಿಡಿದು ಲಿಫ್ಟ್ ನಡೆಸುವವರವರೆಗೆ ಎಲ್ಲರಿಗೂ ಒಂದು ಗಂಟೆಯ ತರಬೇತಿ ಈ ವಿಷಯಕ್ಕೇ ಕೊಡಿ. ಇದರಲ್ಲಿ ನಾನು ರಿಯಾಯಿತಿ ಕೊಡಲಾರೆ.

ವೈದ್ಯರಿಂದ ಏನನ್ನು ಕೇಳಬೇಕು? ಒಬ್ಬ ರೋಗಿಗೆ ನಾಲ್ಕೈದು ನಿಮಿಷ ಸಿಗುವ ಓಪಿಡಿಯಲ್ಲಿ ಆಹಾರದ ಪಾಠ ಮಾಡಿ ಎಂದರೆ ಯಾರೂ ಮಾಡರು. ಅರ್ಧ ನಿಮಿಷ ಕೇಳಿ, ಕೊಡುತ್ತಾರೆ. 2016ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಅಧ್ಯಯನವೊಂದರಲ್ಲಿ, ಬೇರೆ ಕಾಯಿಲೆಗೆ ಬಂದ 1,882 ಜನರಲ್ಲಿ ಅರ್ಧದಷ್ಟು ಮಂದಿಗೆ ವೈದ್ಯರು 30 ಸೆಕೆಂಡಿನಲ್ಲಿ 12 ವಾರಗಳ ತೂಕದ ತರಗತಿಗೆ ಸೇರುವ ಅವಕಾಶ ಮುಂದಿಟ್ಟರು. ಶೇ 77 ಜನ ಒಪ್ಪಿದರು, ಶೇ 40 ಜನ ನಿಜಕ್ಕೂ ಹೋದರು. ವರ್ಷದ ಕೊನೆಗೆ ಆ ಗುಂಪಿನ ಸರಾಸರಿ ಇಳಿಕೆ 2.4 ಕೆ.ಜಿ.; 'ತೂಕ ಇಳಿಸಿದರೆ ಒಳ್ಳೆಯದು' ಎಂಬ ಸಲಹೆ ಮಾತ್ರ ಪಡೆದವರದು 1 ಕೆ.ಜಿ. ವೈದ್ಯರ ಮಾತಿನಿಂದ ನೊಂದೆವು ಎಂದವರು ಬೆರಳೆಣಿಕೆಯಷ್ಟು. ಗುಟ್ಟು ಇಷ್ಟೇ: ರೋಗಿ ಹೊರಹೋಗುವ ಮೊದಲೇ ಅಲ್ಲೇ ಹೆಸರು ನೋಂದಾಯಿಸುತ್ತಿದ್ದರು. ನಿಮ್ಮ ವೈದ್ಯರ ಮೇಜಿನ ಮೇಲೆ ಹೀಗೊಂದು ವಾಕ್ಯವಿರಲಿ: 'ನಿಮ್ಮ ಮಂಡಿಗೂ ಶುಗರ್‌ಗೂ ತೂಕ ಸ್ವಲ್ಪ ಇಳಿದರೆ ಅನುಕೂಲ. ನಮ್ಮಲ್ಲೇ ವಾರಕ್ಕೊಂದು ತರಗತಿ ಇದೆ. ಸಿಸ್ಟರ್ ಈಗಲೇ ನಿಮ್ಮ ಹೆಸರು ಬರೆದುಕೊಳ್ಳಲೇ?' ಒಪ್ಪಿದರೆ ಸಿಸ್ಟರ್ ಅಲ್ಲೇ ದಿನಾಂಕ, ಸಮಯ ಬರೆದು ಚೀಟಿ ಕೊಡಬೇಕು. 'ಮೇಲಿನ ಮಹಡಿಯಲ್ಲಿ ಡಯಟಿಷಿಯನ್ ಇದ್ದಾರೆ, ನೋಡಿಕೊಂಡು ಹೋಗಿ' ಎಂದರೆ ರೋಗಿ ನೇರವಾಗಿ ಬಸ್ ಸ್ಟ್ಯಾಂಡಿಗೆ ಹೋಗುತ್ತಾರೆ.

ಕಳಿಸಿದ ಒಬ್ಬೊಬ್ಬ ರೋಗಿಗೆ ಇಷ್ಟೆಂದು ವೈದ್ಯರಿಗೆ ಕೊಡುವ ಯೋಚನೆ ಯಾರಾದರೂ ಮುಂದಿಡಬಹುದು. ಬೇಡ. ಕಳಿಸಿದ್ದಕ್ಕೆ ಕಮಿಷನ್ ಕೊಡುವುದು, ಪಡೆಯುವುದು ವೈದ್ಯಕೀಯ ನೀತಿಸಂಹಿತೆಗೆ ವಿರುದ್ಧ. ಕಳಿಸಿದವರಿಗೆ ಅವರ ರೋಗಿಯ ತೂಕ, ಬಿಪಿ, ಶುಗರ್ ಎಷ್ಟಾಯಿತೆಂದು ಎಂಟನೇ ವಾರ ಒಂದು ಚೀಟಿ ತಲುಪಿಸಿ. ತಮ್ಮ ರೋಗಿಯ ಮಾತ್ರೆ ಕಡಿಮೆಯಾದುದನ್ನು ಕಂಡ ವೈದ್ಯರು ಮುಂದಿನ ವಾರ ಇಬ್ಬರನ್ನು ಕಳಿಸುತ್ತಾರೆ.

ಮಾತ್ರೆಯ ವಿಷಯ ಗಂಭೀರವಾದದ್ದು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಜಾತಿಯ ಮಾತ್ರೆ ತೆಗೆದುಕೊಳ್ಳುವವರು ಅನ್ನ ಅರ್ಧಕ್ಕಿಳಿಸಿದರೆ ಶುಗರ್ ಕುಸಿಯಬಹುದು; ಬಿಪಿ ಮಾತ್ರೆಯವರಿಗೆ ಎದ್ದು ನಿಂತಾಗ ತಲೆ ಸುತ್ತಬಹುದು. ಡಪಾಗ್ಲಿಫ್ಲೋಜಿನ್ ಜಾತಿಯ ಮಾತ್ರೆ ನುಂಗುತ್ತಾ ಉಪವಾಸವೋ ಅನ್ನ-ಮುದ್ದೆ ಪೂರ್ತಿ ಬಿಡುವುದೋ ಮಾಡಿದರೆ ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ಏರುವ ಅಪಾಯವಿದೆ. ಆದ್ದರಿಂದ ಮೊದಲ ತರಗತಿಗೆ ಮೊದಲೇ ಫಿಸಿಷಿಯನ್ ಔಷಧಿ ಪಟ್ಟಿ ನೋಡಿ ಸಹಿ ಹಾಕಬೇಕು, ಡಯಟಿಷಿಯನ್‌ಗೆ ಅವರ ಫೋನ್ ನೇರವಾಗಿ ಸಿಗಬೇಕು. ಗರ್ಭಿಣಿಯರನ್ನು ಈ ಗುಂಪಿಗೆ ಸೇರಿಸಬೇಡಿ. ಒಬ್ಬರು ತರಗತಿಗೆ ಸೇರಿ ತಲೆಸುತ್ತಿ ಬಿದ್ದರೆಂಬ ಸುದ್ದಿ ಊರಲ್ಲಿ ಹಬ್ಬಲು ಒಂದು ದಿನ ಸಾಕು.

ತರಗತಿಯ ಪಾಠ ನಮ್ಮ ಅಡುಗೆಮನೆಯದೇ ಆಗಿರಲಿ. ಓಟ್ಸ್, ಆಲಿವ್ ಎಣ್ಣೆ ಇರುವ ಮುದ್ರಿತ ಚಾರ್ಟ್ ತೆಗೆದುಹಾಕಿ. ಎಣ್ಣೆಯ ಲೆಕ್ಕ ಒಂದನ್ನೇ ನೋಡಿ: ನಾಲ್ಕು ಜನರ ಮನೆಗೆ ತಿಂಗಳಿಗೆ 5 ಲೀಟರ್ ಎಣ್ಣೆ ಅಂದರೆ ತಲೆಗೆ ದಿನಕ್ಕೆ ಸುಮಾರು 38 ಗ್ರಾಂ. ಅದನ್ನು 3 ಲೀಟರಿಗೆ ಇಳಿಸಿದರೆ 23 ಗ್ರಾಂ. ಪ್ರತಿಯೊಬ್ಬರಿಗೂ ದಿನಕ್ಕೆ 135 ಕ್ಯಾಲೊರಿಯಷ್ಟು ಕಡಿಮೆ, ಅದೂ ತಟ್ಟೆಯಲ್ಲಿ ಏನೂ ಕಡಿಮೆಯಾದಂತೆ ಕಾಣದೆ. ದಿನಕ್ಕೆ ಮೂರು ಲೋಟ ಕಾಫಿಗೆ ಎರಡೆರಡು ಚಮಚ ಸಕ್ಕರೆ ಅಂದರೆ 120 ಕ್ಯಾಲೊರಿ. ಮುದ್ದೆಯ ಗಾತ್ರ, ಅನ್ನದ ಸೌಟು, ಸಾರಿನಲ್ಲಿ ಕಾಳು ಎಷ್ಟು, ಮದುವೆ ಊಟ, ಸಂಜೆಯ ಬೇಕರಿ ಪಫ್ ಒಂದೊಂದಕ್ಕೂ ಒಂದು ಪಾಠ ಬರೆಯಿರಿ. ಪ್ರತಿ ಪಾಠಕ್ಕೂ ಎರಡು ಪುಟದ ಬರಹ, ಬೇಕಾದ ಪಾತ್ರೆ-ಅಳತೆ ಕಪ್ಪುಗಳ ಪಟ್ಟಿ, ಮನೆಗೆಲಸ ಒಂದು ಕಡತದಲ್ಲಿರಲಿ. ಡಯಟಿಷಿಯನ್ ಕೆಲಸ ಬಿಟ್ಟುಹೋದಾಗ ಕಾರ್ಯಕ್ರಮವೂ ಅವರ ಜೊತೆ ಹೋಗದಂತೆ ತಡೆಯುವುದು ಈ ಕಡತವೇ. ಸಿಸ್ಟರ್ ಒಬ್ಬರು ಮತ್ತು ಫಿಸಿಯೋಥೆರಪಿಸ್ಟ್ ಒಬ್ಬರು ಅದನ್ನು ಹಿಡಿದು ಪಾಠ ಮಾಡಲು ಬರುವಂತಿರಬೇಕು.

ಮೊದಲ ಗುಂಪು ನಿಮ್ಮ ಸಿಬ್ಬಂದಿಯದೇ ಆಗಲಿ. ಪಾಠ ಎಲ್ಲಿ ಎಳೆಯುತ್ತದೆ, ಯಾವ ಮಾತು ಚುಚ್ಚುತ್ತದೆ ಅನ್ನುವುದು ಅಲ್ಲೇ ತಿಳಿಯುತ್ತದೆ. ಕ್ಯಾಂಟೀನಿನಲ್ಲಿ ವಡೆ, ಬೋಂಡ ಬಿಟ್ಟು ಬೇರೇನೂ ಸಿಗುವುದಿಲ್ಲ ಎಂಬ ದೂರು ಸಹ ಅವರಿಂದಲೇ ಬರುತ್ತದೆ.

ಸಮಯವನ್ನು ರೋಗಿಯ ದಿನಚರಿಗೆ ಹೊಂದಿಸಿ: ಗೃಹಿಣಿಯರಿಗೆ ಬೆಳಿಗ್ಗೆ 11, ಕೆಲಸಕ್ಕೆ ಹೋಗುವವರಿಗೆ ಸಂಜೆ 6.30, ಹಳ್ಳಿಯಿಂದ ಬರುವವರಿಗೆ ಸಂತೆಯ ದಿನ. ಶ್ರಾವಣದಿಂದ ದೀಪಾವಳಿಯ ನಡುವೆ ಹೊಸ ಗುಂಪು ಶುರು ಮಾಡಿದರೆ ಅರ್ಧ ತರಗತಿ ಹಬ್ಬಕ್ಕೆ ಹೋಗುತ್ತದೆ. ಆಗ ನಡೆಯುತ್ತಿರುವ ಗುಂಪಿಗೆ ಹಬ್ಬದ ಅಡುಗೆಯ ಪಾಠ ಇಟ್ಟುಕೊಳ್ಳಿ. ಉಳಿದ ತಿಂಗಳುಗಳಲ್ಲಿ ನಾಲ್ಕು ವಾರಕ್ಕೊಂದಾದರೂ ಹೊಸ ಗುಂಪು ತೆರೆಯಿರಿ, ಹೆಸರು ಕೊಟ್ಟವರನ್ನು ಅದಕ್ಕಿಂತ ಹೆಚ್ಚು ಕಾಯಿಸಬೇಡಿ. ತರಗತಿ ತಪ್ಪಿಸಿದವರಿಗೆ ಅದೇ ಸಂಜೆ ಫೋನ್ ಹೋಗಬೇಕು. 'ಯಾಕೆ ಬರಲಿಲ್ಲ' ಎಂದು ಕೇಳದೆ 'ಮುಂದಿನ ವಾರ ಇಂಥ ಪಾಠವಿದೆ, ನಿಮ್ಮ ಜಾಗ ಇಟ್ಟಿದ್ದೇವೆ' ಎನ್ನಿ. ಎರಡು ತರಗತಿ ಸತತವಾಗಿ ತಪ್ಪಿದವರು ಕೈಬಿಟ್ಟುಹೋಗುವ ಸಾಧ್ಯತೆ ಹೆಚ್ಚು.

ಹಣದ ವಿಷಯ ಚಿಕ್ಕದಾಗಿ. ತೂಕ ನಿಯಂತ್ರಣದ ಚಿಕಿತ್ಸೆಯನ್ನು ಆರೋಗ್ಯ ವಿಮೆಗಳು ಸಾಮಾನ್ಯವಾಗಿ ಹೊರಗಿಡುತ್ತವೆ. ವಿಮಾ ನಿಯಂತ್ರಣ ಪ್ರಾಧಿಕಾರದ ನಿಗದಿತ ನಿಯಮದಲ್ಲಿ ವಿನಾಯಿತಿ ಇರುವುದು ಶಸ್ತ್ರಚಿಕಿತ್ಸೆಗೆ, ಅದೂ ಬಿಎಂಐ 40 ಅಥವಾ ತೀವ್ರ ಕಾಯಿಲೆಗಳ ಜೊತೆಗೆ 35 ಮುಟ್ಟಿದವರಿಗೆ. ಹಾಗಾಗಿ ತರಗತಿಯ ಖರ್ಚು ರೋಗಿಯ ಕೈಯಿಂದ ಅಥವಾ ಟ್ರಸ್ಟಿನಿಂದ ಬರಬೇಕು. ಪ್ರತಿ ಭೇಟಿಗೆ ಶುಲ್ಕ ಇಟ್ಟರೆ ಪ್ರತಿ ವಾರವೂ ಬಿಡಲು ಒಂದು ಕಾರಣ ಕೊಟ್ಟಂತೆ. ಶುಗರ್ ರೋಗಿಗಳ ವಾರ್ಷಿಕ ಪ್ಯಾಕೇಜಿನೊಳಗೇ 16 ತರಗತಿಯನ್ನು ಸೇರಿಸುವುದು ಮೇಲು.

ತೂಕ ಇಳಿಸುವ ಚುಚ್ಚುಮದ್ದಿನ ಬಗ್ಗೆ ರೋಗಿಗಳು ಕೇಳಿಯೇ ಕೇಳುತ್ತಾರೆ. 2025ರ ಮಾರ್ಚಿನಲ್ಲಿ ಮೌಂಜಾರೊ, ಜೂನಿನಲ್ಲಿ ವೆಗೋವಿ ನಮ್ಮ ದೇಶದ ಮಾರುಕಟ್ಟೆಗೆ ಬಂದಿವೆ. ಪರಿಣಾಮ ನಿಜ, ನಿಲ್ಲಿಸಿದ ಮೇಲೆ ಇಳಿದ ತೂಕದ ಬಹುಪಾಲು ಮರಳುವುದೂ ನಿಜ. ಯಾರಿಗೆ ಕೊಡಬೇಕು, ಯಾರು ಬರೆಯಬೇಕು ಎಂಬ ಒಂದು ಪುಟದ ನಿಯಮ ಮೊದಲೇ ಇರಲಿ, ಮತ್ತು ಅದನ್ನು ಪಡೆಯುವವರೂ ತರಗತಿಯಲ್ಲಿ ಕೂರಲಿ.

ತಿಂಗಳ ಪುಟದಲ್ಲಿ ಆರು ಅಂಕಿ ಸಾಕು: ಎತ್ತರ-ತೂಕ ದಾಖಲಾದವರು, ಬಿಎಂಐ 25 ದಾಟಿದವರು, ವೈದ್ಯರು ಕೇಳಿದವರು, ಹೆಸರು ಕೊಟ್ಟವರು, ನಾಲ್ಕು ತರಗತಿ ಮುಗಿಸಿದವರು, ಆರು ತಿಂಗಳಲ್ಲಿ ಶೇ 5 ಇಳಿಸಿದವರು. 68 ಕೆ.ಜಿ. ಇರುವವರಿಗೆ ಶೇ 5 ಅಂದರೆ 3.4 ಕೆ.ಜಿ. ಎಲ್ಲಿ ಅಂಕಿ ಧೊಪ್ಪನೆ ಬೀಳುತ್ತದೋ ಅಲ್ಲಿ ಕೈಹಾಕಿ. ದಾಖಲಾಗುವುದೇ ಕಡಿಮೆಯಿದ್ದರೆ ಸಿಸ್ಟರ್‌ಗಳ ಮೇಲಿನ ಹೊರೆ ನೋಡಿ, ಕೇಳುವುದು ಕಡಿಮೆಯಿದ್ದರೆ ವೈದ್ಯರೊಡನೆ ಮಾತಾಡಿ, ಹೆಸರು ಕೊಟ್ಟವರು ಬರದಿದ್ದರೆ ಸಮಯವನ್ನು ಬದಲಿಸಿ. ಕೊನೆಯ ಅಂಕಿಯಲ್ಲಿ ನಿಮ್ಮನ್ನು ನೀವೇ ಮೋಸಗೊಳಿಸಿಕೊಳ್ಳಬೇಡಿ: 60 ಜನ ಹೆಸರು ಕೊಟ್ಟು 15 ಜನ ಉಳಿದು ಅವರಲ್ಲಿ 9 ಜನ ಗುರಿ ಮುಟ್ಟಿದರೆ ಅದು ಶೇ 60 ಅಲ್ಲ, ಶೇ 15.

ಈಗ ವೇಳಾಪಟ್ಟಿ. ಮೊದಲ 30 ದಿನ ಕ್ಲಿನಿಕ್ ತೆರೆಯಬೇಡಿ, ಉದ್ಘಾಟನೆಯೂ ಬೇಡ. ಅಳತೆ ಮಾತ್ರ ನಡೆಯಲಿ, ಜೊತೆಗೆ ಸಿಬ್ಬಂದಿ ಗುಂಪಿನ ಮೊದಲ ಪಾಠಗಳು. ಹತ್ತರಲ್ಲಿ ಎಂಟು ಚೀಟಿಗಳಲ್ಲಿ ಬಿಎಂಐ ಬರೆದಿರುವ ಹಂತ ಬಂದ ಮೇಲೆ, ಆಸಕ್ತಿಯಿರುವ ಆ ಒಬ್ಬ ಫಿಸಿಷಿಯನ್ನರ ಓಪಿಡಿಯಲ್ಲಿ ವಾರಕ್ಕೆ ಎರಡು ದಿನ ಮಾತ್ರ ರೋಗಿಗಳನ್ನು ಕೇಳಲು ಶುರು ಮಾಡಿ. 12 ಹೆಸರು ಬಂದ ವಾರವೇ ರೋಗಿಗಳ ಮೊದಲ ಗುಂಪು ಕೂರಲಿ. ಅದರಲ್ಲಿ 8 ಜನ ನಾಲ್ಕನೇ ತರಗತಿಯವರೆಗೆ ಉಳಿದರೆ ಎರಡನೇ ಗುಂಪು. ಎರಡು ಗುಂಪು 16 ವಾರ ಮುಗಿಸುವವರೆಗೆ ಮೂಳೆ ವಿಭಾಗವನ್ನೂ ಸ್ತ್ರೀರೋಗ ವಿಭಾಗವನ್ನೂ ಸೇರಿಸಬೇಡಿ, ಅವರೇ ಒತ್ತಾಯಿಸಿದರೂ. ಯಂತ್ರಕ್ಕೆಂದು ಇಟ್ಟ ಹಣದ ಬಗ್ಗೆ ಟ್ರಸ್ಟಿಗಳು ಕೇಳಿದರೆ ಎರಡು ಒಳ್ಳೆಯ ತಕ್ಕಡಿ, ಗೋಡೆಗೆ ಕೂರಿಸುವ ಎತ್ತರದ ಪಟ್ಟಿ, ನಾಲ್ಕು ದೊಡ್ಡ ಬಿಪಿ ಪಟ್ಟಿ, ಕೈಯಿಲ್ಲದ ಹನ್ನೆರಡು ಕುರ್ಚಿ, ಅಳತೆಯ ಪಾತ್ರೆಗಳ ಪಟ್ಟಿ ಕೊಡಿ. ಮಿಕ್ಕ ಹಣದಲ್ಲಿ ಆ ಸಿಸ್ಟರ್‌ನ ವಾರದ ಎಂಟು ಗಂಟೆಗೆ ಬದಲಿ ಸಿಬ್ಬಂದಿಯ ಸಂಬಳ ಒಂದು ವರ್ಷಕ್ಕೆ ತೆಗೆದಿಡಿ.